ಆನುವಂಶಿಕ ದೋಷ: ನಾಯಿ, ಬೆಕ್ಕಿಗೆ ಹಾಗಂದರೇನು?

"ಇದು ಆನುವಂಶಿಕ" ಅಂತ ಡಾಕ್ಟರ್ ಹೇಳಿದ ಕೂಡಲೇ ಸಾಕಿದವರು ಕೇಳುವ ಮೊದಲ ಮಾತು, "ನಾವೇನು ತಪ್ಪು ಮಾಡಿದ್ವಿ?" ಏನೂ ಮಾಡಿಲ್ಲ. ತಂದೆ ತಾಯಿಯ ಜೀನ್‌ನಿಂದ ಮರಿಗೆ ಇಳಿದು ಬಂದ ತೊಂದರೆ ಅದು.

ಹುಟ್ಟು ದೋಷವೆಲ್ಲ ಆನುವಂಶಿಕವಲ್ಲ. ಬಸುರಿನಲ್ಲಿ ತಾಯಿಗೆ ಸೋಂಕು ತಗುಲಿದರೂ ಮರಿ ಊನವಾಗಿ ಹುಟ್ಟಬಹುದು. ಇನ್ನೊಂದು ಕಡೆ, ಜೀನ್‌ನಲ್ಲಿ ದೋಷವಿರುವ ಮರಿ ವರ್ಷಗಟ್ಟಲೆ ಕುಣಿದಾಡಿಕೊಂಡೇ ಇರಬಹುದು.

ಲ್ಯಾಬ್ರಡಾರ್, ಕಾಕರ್ ಸ್ಪ್ಯಾನಿಯಲ್‌ಗಳಲ್ಲಿ ಕಾಣುವ ಪಿ.ಆರ್.ಎ. (ಪ್ರೋಗ್ರೆಸಿವ್ ರೆಟಿನಲ್ ಅಟ್ರೋಫಿ, ಅಂದರೆ ಕಣ್ಣಿನ ಒಳಪರದೆ ನಿಧಾನವಾಗಿ ಸವೆಯುವುದು) ಎಂಬ ಕಣ್ಣಿನ ಕಾಯಿಲೆಯನ್ನೇ ನೋಡಿ. ಹಗಲಲ್ಲಿ ಎಲ್ಲ ಸರಿ. ಕತ್ತಲಾದರೆ ನಾಯಿ ಮೆಟ್ಟಿಲ ಹತ್ತಿರ ನಿಂತುಬಿಡುತ್ತದೆ, ಒಂದು ಕಾಲು ಮುಂದಿಟ್ಟು ತಡಕಾಡುತ್ತದೆ. ಕಣ್ಣು ಮೊದಲಿಗಿಂತ ಜಾಸ್ತಿ ಹೊಳೆಯುತ್ತದೆ. ನಿಧಾನವಾಗಿ ಹಗಲಿನ ದೃಷ್ಟಿಯೂ ಹೋಗುತ್ತದೆ. ಇದಕ್ಕೆ ವಾಸಿಯಾಗುವ ಮದ್ದಿಲ್ಲ, ಆದರೆ ನೋವೂ ಇಲ್ಲ. ಕುರ್ಚಿ, ಮಂಚ, ನೀರಿನ ಬಟ್ಟಲು ಇದ್ದಲ್ಲೇ ಇರಲಿ. ಮುಟ್ಟುವ ಮೊದಲು ಹೆಸರು ಹಿಡಿದು ಕರೆಯಿರಿ. ಮೂಗು, ಕಿವಿ ನಂಬಿಕೊಂಡು ಅದು ಮನೆತುಂಬ ಓಡಾಡುವುದನ್ನು ಕಲಿಯುತ್ತದೆ.

ಈ ಕಾಯಿಲೆ ಬರಲು ದೋಷವಿರುವ ಜೀನ್ ತಂದೆ, ತಾಯಿ ಇಬ್ಬರಿಂದಲೂ ಬರಬೇಕು. ಒಬ್ಬರಿಂದ ಮಾತ್ರ ಬಂದರೆ ಮರಿಗೆ ಏನೂ ಆಗುವುದಿಲ್ಲ, ಅದು ಬರೀ ವಾಹಕ. ಎರಡು ವಾಹಕಗಳು ಕೂಡಿದರೆ ಪ್ರತಿ ಮರಿಗೂ ಕಾಯಿಲೆ ಬರುವ ಸಾಧ್ಯತೆ 4ರಲ್ಲಿ 1. ನೋಡಲು ಚೆನ್ನಾಗಿದೆ ಅಂತ ಸುಮ್ನೆ ಜೋಡಿ ಕಟ್ಟಬಾರದು ಅನ್ನುವುದು ಇದಕ್ಕೇ. ಕೆನ್ನೆಯ ಒಳಗಿನಿಂದ ಹತ್ತಿಕಡ್ಡಿಯಲ್ಲಿ ಸವರಿ ತೆಗೆದ ಮಾದರಿ ಸಾಕು, ಡಿಎನ್‌ಎ ಪರೀಕ್ಷೆ ಮಾಡಬಹುದು.

ಎಲ್ಲ ದೋಷವೂ ಹೀಗಲ್ಲ. ಪರ್ಷಿಯನ್ ಬೆಕ್ಕಿನ ಮೂತ್ರಪಿಂಡದಲ್ಲಿ ನೀರುಗುಳ್ಳೆ ಏಳುವ ಕಾಯಿಲೆಗೆ ಒಬ್ಬರಿಂದ ಬಂದ ಜೀನ್ ಸಾಕು. ಸೊಂಟದ ಕೀಲು ಸಡಿಲವಾಗುವ ತೊಂದರೆಯಲ್ಲಿ ಹಲವು ಜೀನ್‌ಗಳ ಜೊತೆ ಮೈತೂಕವೂ ಸೇರಿಕೊಳ್ಳುತ್ತದೆ. ಇಲ್ಲಿ ನಿಮ್ಮ ಕೈಯಲ್ಲಿ ಬಹಳಷ್ಟಿದೆ: ದೊಡ್ಡ ತಳಿಯ ಮರಿಯನ್ನು ದಪ್ಪಗಾಗಲು ಬಿಡಬೇಡಿ. ಕಾಲಿ (Collie) ತಳಿಯ ನಾಯಿಯಾದರೆ, ಹುಳುಗಳಿಗೆ ಕೊಡುವ ಐವರ್ಮೆಕ್ಟಿನ್ ಔಷಧಿ ಕೊಡುವ ಮೊದಲೇ ಡಾಕ್ಟರ್‌ಗೆ ತಳಿ ಹೇಳಿ. ಒಂದು ಜೀನ್ ದೋಷದಿಂದಾಗಿ ಆ ಔಷಧಿಯ ದೊಡ್ಡ ಡೋಸ್ ಅವುಗಳಲ್ಲಿ ಹಲವಕ್ಕೆ ವಿಷವಾಗುತ್ತದೆ.

ನನಗೆ ತುಂಬ ಸಂಕಟವಾಗುವುದು ಸ್ಕಾಟಿಷ್ ಫೋಲ್ಡ್ ಬೆಕ್ಕುಗಳನ್ನು ನೋಡಿದಾಗ. ಎಲ್ಲರೂ ಮುದ್ದಾಡುವ ಆ ಮಡಿಚಿದ ಕಿವಿಯೇ ದೋಷ. ಕಿವಿಯ ಮೃದ್ವಸ್ಥಿ ಬಗ್ಗಿಸಿದ ಅದೇ ಜೀನ್ ಕಾಲು, ಬಾಲದ ಕೀಲುಗಳನ್ನೂ ಕೆಡಿಸುತ್ತದೆ. ಮನೆಯಲ್ಲಿ ಈಗಾಗಲೇ ಇದ್ದರೆ ನೋವಿಗೆ ಚಿಕಿತ್ಸೆ ಕೊಡಿಸಿ, ಚೆನ್ನಾಗಿ ನೋಡಿಕೊಳ್ಳಿ. ಹೊಸದಾಗಿ ಕೊಳ್ಳಬೇಡಿ.

ಯಾವ ದೋಷವೇ ಪತ್ತೆಯಾಗಲಿ, ಮರಿ ಕೊಟ್ಟವರಿಗೂ ತಿಳಿಸಿ. ಅದರ ಒಡಹುಟ್ಟಿದ ಮರಿಗಳು ಬೇರೆ ಮನೆಗಳಲ್ಲಿ ಬೆಳೆಯುತ್ತಿರುತ್ತವೆ, ಅಲ್ವಾ?