ಮಚ್ಚೆಯ ಮೇಲೆ ಹತ್ತಿಯ ಎಳೆ

ನಾರ್ವೆಯ ಬರ್ಗೆನ್‌ನಲ್ಲಿ ಗೆರ್ಹಾರ್ಡ್ ಹ್ಯಾನ್ಸೆನ್ ಕುಷ್ಠರೋಗಿಯ ಗಂಟಿನಲ್ಲಿ ಕಡ್ಡಿಯಂಥ ಜೀವಾಣುಗಳನ್ನು ಕಂಡದ್ದು 1873ರಲ್ಲಿ. ಕ್ಷಯದ ರೋಗಾಣು ಸಿಕ್ಕಿದ್ದು ಅದಾದ 9 ವರ್ಷಕ್ಕೆ. ಆದರೆ ಕ್ಷಯದ ರೋಗಾಣುವನ್ನು ಲ್ಯಾಬಿನ ಕೃತಕ ಮಾಧ್ಯಮದಲ್ಲಿ ಬೆಳೆಸಬಹುದು, ಕುಷ್ಠದ್ದನ್ನು ಇವತ್ತಿಗೂ ಆಗಿಲ್ಲ. ಅದು ಒಂದು ಎರಡಾಗಲು ಹೆಚ್ಚುಕಡಿಮೆ ಎರಡು ವಾರ ಬೇಕು. ಸೋಂಕು ತಗುಲಿ ಮಚ್ಚೆ ಮೂಡಲು ಸರಾಸರಿ 5 ವರ್ಷ.

ಹಾಗಾಗಿ ಆರಂಭದ ರೋಗ ಪತ್ತೆಯಾಗುವುದು ಈಗಲೂ ಮುಟ್ಟಿ ನೋಡಿಯೇ. ಮಚ್ಚೆ ತೊನ್ನಿನಷ್ಟು ಅಚ್ಚ ಬಿಳುಪಲ್ಲ, ಮಾಸಲು. ತೊನ್ನಿನಲ್ಲಿ ಸ್ಪರ್ಶಜ್ಞಾನ ಹೋಗುವುದಿಲ್ಲ, ಇಲ್ಲಿ ಹೋಗುತ್ತದೆ. ಮೊದಲು ರೋಗಿಯ ಕಣ್ಣೆದುರೇ ಸರಿಯಿರುವ ಚರ್ಮಕ್ಕೆ ಹತ್ತಿಯ ಎಳೆ ತಾಗಿಸಿ ತೋರಿಸಬೇಕು. ಆಮೇಲೆ ಕಣ್ಣು ಮುಚ್ಚಿಸಿ, ತಾಗಿದ ಜಾಗವನ್ನು ಬೆರಳಿಟ್ಟು ತೋರಿಸಲು ಹೇಳಬೇಕು. 'ಗೊತ್ತಾಯ್ತಾ?' ಎಂದು ಕೇಳಿದಿರೋ, ಕೆಟ್ಟಿತು. ಗೊತ್ತಾಗದಿದ್ದರೂ 'ಹೂಂ' ಎನ್ನುವವರೇ ಹೆಚ್ಚು. ಎಳೆಯನ್ನು ಸವರಲೂ ಬಾರದು, ತುದಿ ತಾಗಿದರೆ ಸಾಕು. ಮುಖದ ಮೇಲಿನ ಮಚ್ಚೆ ಮಾತ್ರ ಮೋಸ ಮಾಡುತ್ತದೆ: ಅಲ್ಲಿ ನರಗಳು ದಟ್ಟ, ಸ್ಪರ್ಶ ಉಳಿದಿರಬಹುದು.

ಕುಷ್ಠದಲ್ಲಿ ನರಗಳೂ ದಪ್ಪಗಾಗುತ್ತವೆ. ಅದನ್ನು ನೋಡುವಾಗ ಮೊಣಕೈ ಮಡಿಸಿ, ಒಳಬದಿಯ ಮೂಳೆಯ ಉಬ್ಬಿನ ಹಿಂದಿನ ಸಂದಿಯಲ್ಲಿ ಬೆರಳಾಡಿಸುತ್ತಾರೆ. ದಪ್ಪವೋ ಅಲ್ಲವೋ ಎಂದು ಹೇಳಲು ಇನ್ನೊಂದು ಕೈಯನ್ನೂ ಮುಟ್ಟಲೇಬೇಕು. ಮೊಣಕಾಲಿನ ಹೊರಬದಿಯ ಕೆಳಗೆ, ಕತ್ತಿನ ಪಕ್ಕದಲ್ಲಿ ಸಿಗುವ ನರಗಳದ್ದೂ ಇದೇ ಕ್ರಮ.

ದೇಹದ ರೋಗನಿರೋಧಕ ಪ್ರತಿಕ್ರಿಯೆಯನ್ನು ನೋಡುವ ಪರೀಕ್ಷೆಗಳ ಕಥೆ ನಿರಾಸೆಯದ್ದು. ಜಪಾನಿನ ಮಿತ್ಸುಡಾ 1919ರಲ್ಲಿ ಪ್ರಕಟಿಸಿದ ಲೆಪ್ರೋಮಿನ್ ಪರೀಕ್ಷೆಯಲ್ಲಿ ಸತ್ತ ರೋಗಾಣುಗಳ ದ್ರವ 0.1 ಮಿ.ಲೀ. ಮುಂಗೈ ಚರ್ಮದೊಳಗೆ ಹೋಗುತ್ತದೆ. 3–4 ವಾರಕ್ಕೆ ಮೂಡುವ ಗಂಟನ್ನು ಅಳೆಯುತ್ತಾರೆ. ಆರೋಗ್ಯವಂತರಲ್ಲೂ ಗಂಟು ಬರುತ್ತದೆ, ರೋಗಾಣು ತುಂಬಿದವರಲ್ಲೇ ಬರುವುದಿಲ್ಲ! ರೋಗದ ಬಗೆ ತಿಳಿಯಲು ಉಪಯೋಗ, ರೋಗ ಇದೆಯೋ ಎನ್ನಲು ಅಲ್ಲ. ರೋಗಾಣುವಿನ ಪಿಜಿಎಲ್-1 ಎಂಬ ವಸ್ತುವಿನ ವಿರುದ್ಧ ದೇಹ ತಯಾರಿಸುವ ಆ್ಯಂಟಿಬಾಡಿಯನ್ನು ರಕ್ತದಲ್ಲಿ ಹುಡುಕುವ 1980ರ ದಶಕದ ಪರೀಕ್ಷೆಯೂ ರೋಗಾಣು ಹೇರಳವಿದ್ದವರನ್ನು ಹಿಡಿದು, ಒಂದೆರಡು ಮಚ್ಚೆಯವರಲ್ಲಿ ಹೆಚ್ಚಿನವರನ್ನು ಬಿಟ್ಟುಬಿಡುತ್ತದೆ.

ಹಾಗೆಂದು ಹತ್ತಿಯ ಎಳೆಯೊಂದನ್ನೇ ನಂಬಿ ಕೂರುವಂತೆಯೂ ಇಲ್ಲ. ಕೆಲವರಿಗೆ ಮರಗಟ್ಟಿದ ಮಚ್ಚೆಯೇ ಇರುವುದಿಲ್ಲ. ಚರ್ಮ ನುಣ್ಣಗೆ ಹೊಳೆಯುತ್ತದೆ, ಕಿವಿಯ ಹಾಲೆ ದಪ್ಪವಾಗಿರುತ್ತದೆ. ಅಂಥವರಿಗೆ ಸ್ಮಿಯರ್ ಬೇಕು, ಅಂದರೆ ಚರ್ಮ ಸೀಳಿ ಕೆರೆದದ್ದನ್ನು ಸ್ಲೈಡಿಗೆ ಸವರಿ ಸೂಕ್ಷ್ಮದರ್ಶಕದಲ್ಲಿ ರೋಗಾಣು ಹುಡುಕುವುದು. ರಕ್ತ ಇಳಿದು ಬಿಳುಚುವವರೆಗೆ ಹಾಲೆಯನ್ನು ಚಿವುಟಿ ಹಿಡಿದು, 5 ಮಿ.ಮೀ. ಉದ್ದ, 2–3 ಮಿ.ಮೀ. ಆಳ ಸೀಳಿ, ಬ್ಲೇಡನ್ನು ಅಡ್ಡ ತಿರುಗಿಸಿ ಕೆರೆಯಬೇಕು. ಹಿಡಿತ ಸಡಿಲಿಸಿದರೆ ಸ್ಲೈಡಿನ ತುಂಬ ರಕ್ತವೇ. 1990ರ ದಶಕದಿಂದ ಸ್ಮಿಯರ್ ಇಲ್ಲದೆ ಮಚ್ಚೆ ಎಣಿಸಿಯೇ, 5ರವರೆಗೆ ರೋಗದ ಒಂದು ಬಗೆ, ಮೇಲಾದರೆ ಇನ್ನೊಂದು ಎಂದು ವಿಂಗಡಿಸುವ ರೂಢಿ ಬಂದ ಮೇಲೆ ಈ ಕೈಚಳಕ ಬಲ್ಲ ತಂತ್ರಜ್ಞರು ವಿರಳವಾದರು. ಅತಿ ಹೆಚ್ಚು ಸೋಂಕು ಹರಡುವವರು ಈ ನುಣುಪು ಚರ್ಮದವರೇ.