‘ಇಲ್ಲ ಅಂತ ಒತ್ತಲೇ’: ಸ್ವಭಾವ ಪರೀಕ್ಷೆ ಉದ್ಯಮಬಾಗಕ್ಕೆ ಬಂದ ದಾರಿ

ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಒಂದು ಚಹಾದಂಗಡಿ. ಮೂವರು ಹುಡುಗರು ಒಂದೇ ಮೊಬೈಲ್ ಮೇಲೆ ಬಗ್ಗಿದ್ದಾರೆ. ಕೆಲಸಕ್ಕೆ ಮುಂಚಿನ ಆನ್‌ಲೈನ್ ಸ್ವಭಾವ ಪರೀಕ್ಷೆ. ‘ಜಾಸ್ತಿ ಜನರ ನಡುವೆ ಇದ್ದರೆ ದಣಿವಾಗುತ್ತದೆಯೇ?’ ಮೊಬೈಲ್ ಹಿಡಿದವನು ‘ಹೌದು’ ಒತ್ತಲು ಹೋದ. ಪಕ್ಕದವನು ಕೈ ಹಿಡಿದ. ‘ಇಲ್ಲ ಅಂತ ಒತ್ತಲೇ. ಸೇಲ್ಸ್ ಕೆಲಸ ಐತಿ ಅದು.’

ಇದೆಲ್ಲ ಶುರುವಾಗಿದ್ದು ಕೆಲಸ ಹುಡುಕುವವನ ಒಳ್ಳೆಯದಕ್ಕೇ. 1908ರಲ್ಲಿ ಬಾಸ್ಟನ್ನಿನಲ್ಲಿ ಫ್ರಾಂಕ್ ಪಾರ್ಸನ್ಸ್ ಉದ್ಯೋಗ ಸಲಹೆಗೆಂದೇ ಕಚೇರಿ ತೆರೆದರು. ಮೊದಲು ನಿನ್ನನ್ನು ತಿಳಿದುಕೋ, ಆಮೇಲೆ ಕೆಲಸವನ್ನು, ಆಮೇಲೆ ಎರಡನ್ನೂ ತಾಳೆ ನೋಡು. 1921ರಲ್ಲಿ ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ ಅಂತರ್ಮುಖಿ (ತನ್ನೊಳಗೇ ಇರುವವನು), ಬಹಿರ್ಮುಖಿ (ಜನರೊಡನೆ ಬೆರೆಯುವವನು) ಎಂದರು. ಅದನ್ನೇ ಹಿಡಿದು ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಾಬೆಲ್ ಮೈಯರ್ಸ್ ಜನರನ್ನು 16 ಬಗೆ ಮಾಡಿದರು. 1959ರಲ್ಲಿ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಜಾನ್ ಹಾಲೆಂಡ್‌ಗೆ ಆರೇ ಬಗೆ ಸಾಕಾದವು: ಕೈಕೆಲಸದವರು, ಶೋಧಕರು, ಕಲಾವಿದರು, ಜನಸೇವೆಯವರು, ವ್ಯವಹಾರಸ್ಥರು, ಲೆಕ್ಕಪತ್ರದವರು.

ನಮ್ಮಲ್ಲಿ ಆಗ ಇವೇನೂ ಇರಲಿಲ್ಲ. ಲೋಹ ಕರಗಿಸಿ ಎರಕ ಹೊಯ್ಯುವ ಫೌಂಡ್ರಿಗೆ ಹುಡುಗ ಸೇರುತ್ತಿದ್ದದ್ದು ಅಲ್ಲಿ ಸೋದರಮಾವ ಇದ್ದಾನೆ ಅಂತ. ನನಗೆ ಗೊತ್ತಿರುವ ಮೋಲ್ಡರ್, ಅಂದರೆ ಎರಕಕ್ಕೆ ಮರಳಿನ ಅಚ್ಚು ಮಾಡುವವರು, ಒಬ್ಬರು ಹಾಗೇ ಸೇರಿದವರು. ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು. ಆದರೆ ಒಂದು ಹಿಡಿ ಮರಳು ಹಿಂಡಿ, ಮುರಿದು, ಮುರಿದ ಅಂಚು ನೋಡಿಯೇ ನೀರಿನ ಹದ ಹೇಳುತ್ತಾರೆ. ಹಾಲೆಂಡ್ ಕಂಡಿದ್ದರೆ ಮೊದಲನೇ ಗುಂಪಿಗೆ ಹಾಕುತ್ತಿದ್ದರು. ಸ್ವಭಾವ ಕೆಲಸಕ್ಕೆ ಕರೆತಂದಿತೋ, ಕೆಲಸವೇ ಸ್ವಭಾವ ತಿದ್ದಿತೋ, ಅವರನ್ನು ಕೇಳಿದರೆ ಸುಮ್ನೆ ನಗುತ್ತಾರೆ.

1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಆಯಿತು. ಆಮೇಲಿನ ವರ್ಷಗಳಲ್ಲಿ ಕ್ಯಾಂಪಸ್ ಸಂದರ್ಶನದ ಕಾಲ. ಒಂದೇ ದಿನ ನೂರಾರು ಹುಡುಗರನ್ನು ಸೋಸಬೇಕು, ಜರಡಿ ಬೇಕಲ್ವಾ? ಸ್ವಭಾವದ ಪ್ರಶ್ನೆಗಳು ಆ ಕೆಲಸಕ್ಕೆ ನಿಂತವು. ಹುಡುಗನ ಕೈಯಲ್ಲಿರಬೇಕಾದ ಕನ್ನಡಿ ಮೇಜಿನ ಆ ಬದಿಗೆ ಹೋಯಿತು. ಪ್ರಶ್ನೆಗಳೂ ಹೊರಗಿನವೇ. ‘ಪಾರ್ಟಿಯಲ್ಲಿ ಹೊಸಬರ ಜೊತೆ ಮಾತಾಡುತ್ತೀರಾ?’ ಗೋಕಾಕ ಕಡೆಯ ಹಳ್ಳಿ ಹುಡುಗನಿಗೆ ಪಾರ್ಟಿ ಅಂದರೆ ರಾಜಕೀಯ ಪಕ್ಷ, ಇಲ್ಲವೇ ಧಾಬಾ. ಜಾತ್ರೆಯಲ್ಲಿ ಊರೆಲ್ಲ ಮಾತಾಡಿಸುವವನು ಇಲ್ಲಿ ಅಂತರ್ಮುಖಿ ಆಗಿಬಿಡುತ್ತಾನೆ.

ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ. ಆದರೆ 16 ಬಗೆಯ ಪರೀಕ್ಷೆಯನ್ನು ಕೆಲವೇ ವಾರ ಬಿಟ್ಟು ಮತ್ತೆ ಬರೆದ ಎಷ್ಟೋ ಜನರಿಗೆ ಬೇರೆಯದೇ ಬಗೆ ಬರುತ್ತದೆ. ನೇಮಕಾತಿಗೆ ಬಳಸಬೇಡಿ ಎಂದು ಅದನ್ನು ಮಾರುವವರೇ ಹೇಳುತ್ತಾರೆ. 1991ರಲ್ಲಿ ಬ್ಯಾರಿಕ್ ಮತ್ತು ಮೌಂಟ್ ಎಂಬ ಸಂಶೋಧಕರು ಸ್ವಭಾವ ಮತ್ತು ಕೆಲಸದ ನಂಟಿನ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ, ಎಲ್ಲ ಬಗೆಯ ಕೆಲಸಕ್ಕೂ ಹೊಂದಿ ಬಂದ ಗುಣ ಒಂದೇ: ಹಿಡಿದ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸುವುದು. ಮಾತುಗಾರಿಕೆ ಉಪಯೋಗಕ್ಕೆ ಬಂದದ್ದು ಮುಖ್ಯವಾಗಿ ಮಾರಾಟ, ಮೇಲ್ವಿಚಾರಣೆಯಂಥ ಕಡೆ.

ಚಹಾದಂಗಡಿಯಲ್ಲಿ ಆಗಲೇ ಮುಂದಿನ ಪ್ರಶ್ನೆ ಬಂದಿತ್ತು. ‘ನೀವು ಎಂದಾದರೂ ಸುಳ್ಳು ಹೇಳಿದ್ದೀರಾ?’ ಬಣ್ಣ ಹಚ್ಚಿ ಉತ್ತರಿಸುವವರನ್ನು ಹಿಡಿಯಲೆಂದೇ ಇಂಥವನ್ನು ನಡುನಡುವೆ ತೂರಿಸುತ್ತಾರೆ. ಈ ಸಲ ಪಕ್ಕದವನು ಹೇಳಿಕೊಡಬೇಕಾಗಲಿಲ್ಲ. ಹುಡುಗ ತಾನೇ ‘ಇಲ್ಲ’ ಒತ್ತಿದ.