ಗೋಡೆಯ ಪಸೆಗೆ ಬಣ್ಣ ಬಳಿಯುವ ಮೊದಲು

ಮಳೆಗಾಲ ಮುಗಿದು ನವರಾತ್ರಿ ಹತ್ತಿರವಾಗುತ್ತಿದ್ದಂತೆ ದಕ್ಷಿಣ ಕನ್ನಡ, ಉಡುಪಿ ಕಡೆಯ ಮನೆಗಳಿಂದ ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ಬಗೆಯವು: ಒಳಗೋಡೆಯ ಬಣ್ಣ ಹಪ್ಪಳದಂತೆ ಎದ್ದಿದೆ, ಯಾವ ವಾಟರ್‌ಪ್ರೂಫ್ ಪೇಂಟ್ ಬಳಿಯಬೇಕು? ನೀರು ಎಲ್ಲಿಂದ ಬರುತ್ತಿದೆಯೆಂದು ತಿಳಿಯದೆ ನಾನು ಯಾವ ಪೇಂಟಿನ ಹೆಸರನ್ನೂ ಹೇಳುವುದಿಲ್ಲ. ಗೋಡೆಯೊಳಗೆ ನೀರಿರುವಾಗ ಅದರ ಒಳಮೈಯನ್ನು ಮುಚ್ಚಿಬಿಟ್ಟರೆ ಆರಿಹೋಗಲು ಎಡೆಯಿಲ್ಲದ ಪಸೆ ಇನ್ನಷ್ಟು ಮೇಲಕ್ಕೇರುತ್ತದೆ. ಒಂದಡಿ ಎತ್ತರದಲ್ಲಿದ್ದ ಕಲೆ ಎರಡು ಮಳೆಗಾಲದಲ್ಲಿ ಕಿಟಕಿಯ ಕೆಳಅಂಚಿಗೆ ಮುಟ್ಟಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಕಂಡಿದ್ದೇನೆ.

ಕಲೆ ಇರುವ ಜಾಗ ಮತ್ತು ಅದು ಕಾಣಿಸಿಕೊಳ್ಳುವ ಕಾಲ, ಇವೆರಡನ್ನು ಸರಿಯಾಗಿ ಗಮನಿಸಿದರೆ ಅರ್ಧ ಉತ್ತರ ಸಿಕ್ಕಿದಂತೆ. ನೆಲದಿಂದ ಮೇಲಕ್ಕೆ ಸುಮಾರು ಒಂದು ಮೀಟರಿನವರೆಗೆ ಗೋಡೆಯುದ್ದಕ್ಕೂ ಪಟ್ಟಿಯಂತೆ ಹಬ್ಬಿ, ಮೇಲಂಚಿನಲ್ಲಿ ಬಿಳಿಯ ಉಪ್ಪಿನ ಹುಡಿ ಬಿಟ್ಟಿದ್ದರೆ ಪಸೆ ಅಡಿಪಾಯದಿಂದ ಏರುತ್ತಿದೆ. ಪಶ್ಚಿಮ ಅಥವಾ ನೈಋತ್ಯದ ಗೋಡೆಯಲ್ಲಿ, ಗಾಳಿಮಳೆಯ ಮರುದಿನ ಮಾತ್ರ ತೇಪೆತೇಪೆಯಾಗಿ ಕಂಡರೆ ನೀರು ಹೊರಮೈಯಿಂದ ತೂರಿ ಬರುತ್ತಿದೆ. ಬೇಸಗೆಯಲ್ಲಿಯೂ ಒಣಗದ ಕಲೆ ಬಚ್ಚಲುಮನೆಯ ಮಗ್ಗುಲಿನಲ್ಲಿದ್ದರೆ ಪೈಪನ್ನು ಸಂಶಯಿಸಬೇಕು.

ಪುತ್ತೂರಿನ ಹತ್ತಿರದ ಒಂದು ಕೆಂಪುಕಲ್ಲಿನ ಮನೆಯ ಸಂಗತಿ ಇಲ್ಲಿ ಹೇಳಬೇಕಾದದ್ದು. ಕಟ್ಟಿ ಹದಿನೈದು ವರ್ಷ ಯಾವ ತೊಂದರೆಯೂ ಇಲ್ಲದಿದ್ದ ಗೋಡೆಗಳು ಒಮ್ಮೆಲೇ ಶೀತ ಹಿಡಿಯತೊಡಗಿದ್ದವು, ಮನೆಯವರು ಎರಡು ಸಲ ಬಣ್ಣ ಬಳಿಸಿದ್ದರು. ಒಳಗಿನ ಗೋಡೆಯನ್ನು ತಟ್ಟಿ ನೋಡುವುದನ್ನು ಬಿಟ್ಟು ಹೊರಗೆ ಒಂದು ಸುತ್ತು ಬಂದಾಗ ಕಾರಣ ತಿಳಿಯಿತು: ಅಂಗಳಕ್ಕೆ ಮಣ್ಣು ತುಂಬಿಸಿ ಇಂಟರ್‌ಲಾಕ್ ಹಾಸಿದ್ದರು. ನೆಲದ ಪಸೆಯನ್ನು ತಡೆಯಲೆಂದು ಪಂಚಾಂಗದ (ಗೋಡೆಯನ್ನು ಹೊರುವ ಅಡಿಗಟ್ಟಿನ) ಮೇಲೆ ಹಾಕುವ ಡಿ.ಪಿ.ಸಿ. (ಡ್ಯಾಂಪ್ ಪ್ರೂಫ್ ಕೋರ್ಸ್) ಪದರ ಹೊರನೆಲಕ್ಕಿಂತ ಕನಿಷ್ಠ 15 ಸೆಂ.ಮೀ. ಎತ್ತರದಲ್ಲಿರಬೇಕು, ಇಲ್ಲಿ ಅದು ಮಣ್ಣಿನೊಳಗೆ ಹೂತುಹೋಗಿತ್ತು, ಸಾಲದ್ದಕ್ಕೆ ಅಂಗಳದ ಓಟವೂ (ಇಳಿಜಾರೂ) ಗೋಡೆಯ ಕಡೆಗಿತ್ತು. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ನಾಡಿನಲ್ಲಿ, ಸ್ವಭಾವತಃ ರಂಧ್ರಮಯವಾದ ಕೆಂಪುಕಲ್ಲು ಆ ನೀರನ್ನು ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಹೀರಿಕೊಂಡಿತ್ತು. ಗೋಡೆಯಿಂದ ಎರಡಡಿ ಅಗಲಕ್ಕೆ ಇಂಟರ್‌ಲಾಕ್ ಕಿತ್ತು, ಮಣ್ಣು ತೆಗೆದು, ಹಳೆಯ ಮಟ್ಟದಲ್ಲಿ ಹೊರಕ್ಕೆ ಓಟವಿರುವ ಕಾಂಕ್ರೀಟ್ ಚರಂಡಿ ಮಾಡಿಸಿದೆವು.

ಆದರೂ ಕಲೆ ತಾನಾಗಿಯೇ ಮಾಯವಾಗಲಿಲ್ಲ, ಆಗುವುದೂ ಇಲ್ಲ. ನೆಲದಿಂದ ನೀರಿನೊಂದಿಗೆ ಬಂದ ಲವಣಗಳು ಸಾರಣೆಯಲ್ಲಿ ಉಳಿದಿರುತ್ತವೆ, ಅವು ಗಾಳಿಯ ತೇವವನ್ನೇ ಹೀರಿಕೊಂಡು ಗೋಡೆಯನ್ನು ಮತ್ತೆ ಒದ್ದೆ ಮಾಡುತ್ತವೆ. ಆದ್ದರಿಂದ ಕಲೆಯ ಮೇಲಂಚಿಗಿಂತ ಒಂದಡಿ ಎತ್ತರದವರೆಗೆ ಸಾರಣೆಯನ್ನು ಕಲ್ಲು ಕಾಣುವ ತನಕ ಕೆತ್ತಿ, ಒಣ ಬ್ರಷ್‌ನಿಂದ ಉಜ್ಜಿ, ಗೋಡೆಯನ್ನು ಹಾಗೆಯೇ ತೆರೆದಿಡಬೇಕು. ಇಂಥ ಗೋಡೆ ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ತಿಂಗಳಿನಂತೆ ಒಣಗುತ್ತದೆ ಎಂಬುದು ನಾವು ಇಟ್ಟುಕೊಳ್ಳುವ ಅಂದಾಜು. ಮನೆಯವರಿಗೆ ಇದು ಕಷ್ಟವೆಂದು ಗೊತ್ತಿದ್ದರೂ ಈ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಅಳಿವೆಯ ಉಪ್ಪುಮರಳನ್ನು ಹೊಸ ಸಾರಣೆಗೆ ಬಳಸಿದರೆ ತೆಗೆದ ಉಪ್ಪನ್ನು ನಾವೇ ಮರಳಿ ಹಚ್ಚಿದಂತಾಗುತ್ತದೆ.

ಡಿ.ಪಿ.ಸಿ.ಯೇ ಇಲ್ಲದ ಹಳೆಯ ಮನೆಗಳಲ್ಲಿ ಗೋಡೆಯ ಬುಡದಲ್ಲಿ ನಾಲ್ಕೈದು ಅಂಗುಲಕ್ಕೊಂದು ರಂಧ್ರ ಕೊರೆದು ನೀರನ್ನು ಹಿಮ್ಮೆಟ್ಟಿಸುವ ಸಿಲೇನ್ ಬಗೆಯ ರಾಸಾಯನಿಕ ತುಂಬುವ ವಿಧಾನವಿದೆ. ಇಟ್ಟಿಗೆಗೆ ಅದು ಹೊಂದುತ್ತದೆ. ಒಳಗೆ ಪೊಳ್ಳುಗಳಿರುವ ಕೆಂಪುಕಲ್ಲಿನಲ್ಲಿ ದ್ರವ ಎತ್ತಲೋ ಹರಿದುಹೋಗುವುದರಿಂದ ನಾನು ಅದನ್ನು ಕೊನೆಯ ಉಪಾಯವಾಗಿ ಮಾತ್ರ ಸೂಚಿಸುತ್ತೇನೆ.

ಹೊರಗಿನಿಂದ ತೂರುವ ಮಳೆಗೆ ಮದ್ದು ಹೊರಗೇ ಇದೆ. ಹಿಂದೆ ಮಾಡಿನ ಸೂರು ಗೋಡೆಯಿಂದ ಬಹಳ ಮುಂದಕ್ಕೆ ಚಾಚಿರುತ್ತಿತ್ತು, ಮಳೆಗೆ ಮೊದಲು ಮಡಲಿನ ತಟ್ಟಿ ಕಟ್ಟುತ್ತಿದ್ದರು. ಈಗಿನ ತಾರಸಿ ಮನೆಗಳಿಗೆ ಆ ರಕ್ಷಣೆಯಿಲ್ಲ. ಪಿಲ್ಲರ್ ಮತ್ತು ಕಲ್ಲು ಸೇರುವಲ್ಲಿನ ಬಿರುಕುಗಳನ್ನು ಜಾಲರಿ ಹಾಕಿ ಮುಚ್ಚಬೇಕು, ಕಿಟಕಿಯ ಮೇಲಿನ ಸಜ್ಜಾದ ಕೆಳಮೈಯಲ್ಲಿ ನೀರು ತೊಟ್ಟಿಕ್ಕಿ ಬೀಳುವಂತೆ ಗೀರು ಇರಬೇಕು.

ಪೈಪಿನ ಸಂಶಯಕ್ಕೆ ಸುಲಭದ ಪರೀಕ್ಷೆಯಿದೆ. ರಾತ್ರಿ ಎಲ್ಲ ನಲ್ಲಿಗಳನ್ನು ನಿಲ್ಲಿಸಿ ಮೇಲಿನ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಿಗ್ಗೆ ನೋಡಿದರೆ ಸಾಕು. ಕಪಾಟಿನ ಹಿಂದೆ ಮಾತ್ರ ಬೂಸ್ಟು ಹಿಡಿದಿದ್ದರೆ, ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪಿನಿಂದ ಗೋಡೆಗೆ ಅಂಟಿಸಿ ಎರಡು ದಿನ ಬಿಡಬೇಕು. ಕೋಣೆಯ ಕಡೆಯ ಮೈಯಲ್ಲಿ ಹನಿ ಕಟ್ಟಿದರೆ ಅದು ಗಾಳಿಯ ತೇವ, ಕಪಾಟನ್ನು ಗೋಡೆಯಿಂದ ಸರಿಸಿ ಗಾಳಿಯಾಡಲು ಬಿಡಬೇಕು. ಗೋಡೆಯ ಕಡೆ ಹನಿಯಿದ್ದರೆ ನೀರು ಗೋಡೆಯೊಳಗೇ ಇದೆ.

ಪುತ್ತೂರಿನ ಆ ಮನೆಯ ಚರಂಡಿ ಕೆಲಸ ನವೆಂಬರಿನಲ್ಲಿ ಮುಗಿಯಿತು. ಗೋಡೆಗಳನ್ನು ಏಪ್ರಿಲ್ ತನಕ ಬರಿದೇ ಬಿಟ್ಟು, ಆಮೇಲೆ ಸುಣ್ಣ ಬೆರೆಸಿದ ಸಾರಣೆ ಮಾಡಿಸಿ, ಮೊದಲ ಮಳೆಗಾಲವನ್ನು ಬರೀ ಸುಣ್ಣ ಬಳಿದ ಗೋಡೆಯಲ್ಲಿಯೇ ಕಳೆಯುವಂತೆ ಕೇಳಿಕೊಂಡೆ. ಆಗಸ್ಟಿನಲ್ಲಿ ಹೋಗಿ ನೋಡಿದಾಗ ಗೋಡೆಯ ಬುಡ ಒಣಗಿತ್ತು. ಪೇಂಟಿನ ಹೆಸರನ್ನು ಆಗ ಹೇಳಿದೆ.